ಭೂದೃಶ್ಯದ ಅಳತೆಗೋಲುಗಳು: ಒಂದು ವಿಮರ್ಶೆ

ಭೂದೃಶ್ಯ ಪರಿಸರವಿಜ್ಞಾನವೆಂಬ ಹೆಸರನ್ನು 1939ರಲ್ಲಿ ಬಳಕೆಗೆ ತಂದವರು ಜರ್ಮನಿಯ ಕಾರ್ಲ್ ಟ್ರೋಲ್. ಕಾಡು, ಹೊಲ, ಕೆರೆ, ಊರುಗಳು ನೆಲದ ಮೇಲೆ ಹರಡಿಕೊಂಡ ಬಗೆಯನ್ನು ಅಂಕಿಗಳಲ್ಲಿ ಹೇಳಬೇಕೆಂಬ ಹಂಬಲ ಬಲಿತದ್ದು ಬಹುಕಾಲದ ತರುವಾಯ. 1995ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಕ್ಸ್ ಎಂಬವರು ಪ್ರಕಟಿಸಿದ ಫ್ರಾಗ್‌ಸ್ಟ್ಯಾಟ್ಸ್ ಎಂಬ ಗಣಕ ಕ್ರಮವಿಧಿಯಿಂದ ತುಣುಕುಗಳ ಸಂಖ್ಯೆ, ಅಂಚಿನ ಉದ್ದ, ಆಕಾರದ ಜಟಿಲತೆ ಮೊದಲಾದ ಸೂಚ್ಯಂಕಗಳು ಎಲ್ಲರ ಕೈಗೂ ನಿಲುಕಿದುವು. ಆ ವರ್ಷವೇ ರಿಟ್ಟರ್ಸ್ ಮತ್ತು ಸಂಗಡಿಗರು 85 ನಕ್ಷೆಗಳ ಮೇಲೆ 55 ಸೂಚ್ಯಂಕಗಳನ್ನು ಗಣಿಸಿ, ಅವು ಹೇಳುವುದನ್ನು ಬಹುಮಟ್ಟಿಗೆ ಆರೇ ಅಂಶಗಳಲ್ಲಿ ಅಡಗಿಸಬಹುದೆಂದು ತೋರಿಸಿದರು. ಹೆಸರು ಹಲವು, ಮಾತು ಕೆಲವೇ!

ಕನ್ನಡ ನಾಡಿನಲ್ಲಿ ಈ ವಿಧಾನವನ್ನು ಶ್ರದ್ಧೆಯಿಂದ ಬಳಸಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಮುಖ್ಯರು. ಬೆಂಗಳೂರನ್ನು ನಾಲ್ಕು ದಿಕ್ಕುಗಳಾಗಿ ವಿಭಾಗಿಸಿ, ಕೇಂದ್ರದಿಂದ ಕಿಲೋಮೀಟರಿಗೊಂದು ವೃತ್ತವನ್ನೆಳೆದು ಗಣಿಸಿದ ಅವರ ಕ್ರಮ ಸ್ತುತ್ಯರ್ಹವಾದುದು. ಇಡೀ ಊರಿಗೆ ಒಂದೇ ಅಂಕಿಯನ್ನು ಕೊಟ್ಟಿದ್ದರೆ, ನಡುವೆ ಒತ್ತಾಗಿ, ಹೊರವಲಯದಲ್ಲಿ ಚೆಲ್ಲಾಪಿಲ್ಲಿಯಾಗಿ ಬೆಳೆದ ಆ ನಗರ ಅಂಕಿಯೊಳಗೇ ಅಡಗಿಹೋಗುತ್ತಿತ್ತು.

ಈ ಅಳತೆಗೋಲನ್ನೇ ಗುಜರಾತದ ನಗರಗಳಿಗೆ ಹಿಡಿದರೆ ಕೆಲವು ಶಂಕೆಗಳೇಳುತ್ತವೆ. ಅಹಮದಾಬಾದಿನ ಸಾಬರಮತಿಯನ್ನು ನೋಡಬಹುದು. ಮಳೆಗಾಲ ಕಳೆದೊಡನೆ ಮರಳಹಾಸಾಗಿ, ಒಂದೊಂದೆಡೆ ಒಂದೊಂದು ಅಗಲವಾಗಿದ್ದ ನದಿ ಅದು. ಪಾತ್ರದಲ್ಲಿ ಬೇಸಾಯವಿತ್ತು, ಬಟ್ಟೆ ಒಗೆಯುವವರಿದ್ದರು, ಭಾನುವಾರದ ಸಂತೆ ನೆರೆಯುತ್ತಿತ್ತು. ನದೀತೀರ ಯೋಜನೆ ಅದನ್ನು 263 ಮೀಟರಿನ ಏಕರೂಪದ ಅಗಲಕ್ಕೆ ತಂದು, ಇಕ್ಕೆಲದಲ್ಲೂ ಗೋಡೆ ಕಟ್ಟಿತು. ಕೆಳಗೆ ವಾಸಣಾ ಬ್ಯಾರೇಜು ತಡೆಹಿಡಿದ ನೀರು ನರ್ಮದಾ ಕಾಲುವೆಯಿಂದ ಬಂದದ್ದು. ಚದುರಿದ ನೀರಿನ ತುಣುಕುಗಳು ಹೋಗಿ ಒಂದೇ ದೊಡ್ಡ ತುಣುಕಾಯಿತು, ಅಂಚು ನೇರವಾಯಿತು. ಸೂಚ್ಯಂಕದ ಭಾಷೆಯಲ್ಲಿ ಇದು ಛಿದ್ರತೆಯ ಇಳಿಕೆ, ಅರ್ಥಾತ್ ಒಳಿತು. ಮರಳದಿಣ್ಣೆ, ಆಳವಿಲ್ಲದ ನೀರು, ಇಳಿಜಾರಾದ ದಡ ಇವುಗಳಲ್ಲಿ ಬಾಳುವ ಜೀವಿಗಳಿಗೆ ಅದು ಒಳಿತೇ ಎಂಬುದನ್ನು ಆ ಅಂಕಿ ಕೇಳುವುದೇ ಇಲ್ಲ.

ವಡೋದರೆಯಲ್ಲಿ ತೊಡಕು ಬೇರೆ. ವಿಶ್ವಾಮಿತ್ರಿಯ ಮೊಸಳೆಗಳು ಊರ ನಡುವೆಯೇ ಬಾಳುತ್ತಿವೆ; 2024ರ ಆಗಸ್ಟಿನ ನೆರೆಯಲ್ಲಿ ಅವು ಬೀದಿಗೂ ಬಂದುವು. ಅವುಗಳ ಆಸರೆ ನದಿಯ ದಂಡೆ ಮತ್ತು ಕೊರಕಲುಗಳು, ಗುಜರಾತಿಗಳು ಕೋತರವೆನ್ನುವ ಸ್ಥಳ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಕೋಶದ ಬದಿ 30 ಮೀಟರು. ಅದಕ್ಕಿಂತ ಕಿರಿದಾದ ಕೊರಕಲು ನೆರೆಯ ಮನೆಗಳೊಡನೆ ಬೆರೆತು ‘ಕಟ್ಟಡ’ವಾಗಿಬಿಡಬಹುದು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ 2011ರಲ್ಲಿ ಹೊರತಂದ ರಾಷ್ಟ್ರೀಯ ಜೌಗುಭೂಮಿ ನಕ್ಷಾಸಂಪುಟ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ: 2.25 ಹೆಕ್ಟೇರಿಗೆ ಕಡಮೆಯಾದ ಐದೂವರೆ ಲಕ್ಷಕ್ಕೂ ಮೀರಿದ ನೀರುನೆಲೆಗಳನ್ನು ಅದು ಬಿಂದುಗಳಾಗಿ ಮಾತ್ರ ಗುರುತಿಸಿತು. ಬಿಂದುವಿಗೆ ಅಂಚಿಲ್ಲ, ಆಕಾರವಿಲ್ಲ. ನಮ್ಮ ಕುಂಟೆ ಕಟ್ಟೆಗಳು ಬಹುಮಟ್ಟಿಗೆ ಈ ವರ್ಗಕ್ಕೆ ಸೇರತಕ್ಕವು.

ಸೂರತ್ತಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 2006ರ ಆಗಸ್ಟಿನಲ್ಲಿ ನಗರವನ್ನು ಮುಳುಗಿಸಿದ ತಾಪಿಯ ನೀರು ಬಹುದೂರ ಮೇಲಿನ ಉಕಾಯಿ ಜಲಾಶಯದಿಂದ ಹೊರಬಿಟ್ಟದ್ದು. ನಗರಸೀಮೆಯೊಳಗಿನ ನಕ್ಷೆಯಲ್ಲಿ ಅದರ ಸುಳಿವೂ ಸಿಕ್ಕದು.

ಆದುದರಿಂದ ಕೋಶದ ಅಳತೆ, ವರ್ಗಗಳ ಪಟ್ಟಿ, ಸೀಮೆಯ ಗೆರೆ ಇವನ್ನು ತಿಳಿಸದ ಸೂಚ್ಯಂಕವನ್ನು ಒಪ್ಪತಕ್ಕದ್ದಲ್ಲ. ವರ್ಗಗಳ ಪ್ರಶ್ನೆಯಂತೂ ಕನ್ನಡಿಗರಿಗೆ ಇನ್ನೂ ಸಮೀಪದ್ದು. ಉತ್ತರ ಕನ್ನಡದ ನಿತ್ಯಹಸುರಿನ ಕಾನು, ಅಡಕೆ ತೋಟಕ್ಕೆ ಸೊಪ್ಪೊದಗಿಸುವ ಸೊಪ್ಪಿನಬೆಟ್ಟ, ಹುಲ್ಲಿನ ಬೇಣ ಇವನ್ನು ‘ಅರಣ್ಯ’ವೆಂಬ ಒಂದೇ ಬಣ್ಣದಿಂದ ಬಿಡಿಸಿ ಬೇರೆಬೇರೆಯಾಗಿ ಎಣಿಸಿದರೆ ತುಣುಕುಗಳ ಸಂಖ್ಯೆ ಏರುವುದು ಖಂಡಿತ, ಕಾಡಿನ ಒಂದು ಮರವೂ ಉರುಳಿರುವುದಿಲ್ಲ.