ದೇವರನ್ನು ನಂಬಿದವನ ಲೆಕ್ಕದ ಪುಸ್ತಕ

ನಮ್ಮ ಸಭೆಗಳಲ್ಲಿ ವಿಶ್ವಾಸದ ಮೇಲೆ ಪ್ರಸಂಗ ನಡೆದರೆ ಜಾರ್ಜ್ ಮುಲ್ಲರ್ ಹೆಸರು ಬರದೇ ಇರುವುದು ಅಪರೂಪ. ಇಂಗ್ಲೆಂಡಿನ ಬ್ರಿಸ್ಟಲ್ ಅನಾಥಾಲಯದ ಊಟದ ಮೇಜು, ಖಾಲಿ ತಟ್ಟೆಗಳ ಮುಂದೆ ಕೂತ ಮಕ್ಕಳು, ಮುಲ್ಲರ್ ಪ್ರಾರ್ಥನೆ, ಅಷ್ಟರಲ್ಲೇ ಬಾಗಿಲು ತಟ್ಟಿದ ಬ್ರೆಡ್ಡಿನವನು, ಅವನ ಹಿಂದೆಯೇ ಗಾಡಿ ಮುರಿದು ಹಾಲನ್ನೆಲ್ಲ ಅಲ್ಲೇ ಇಳಿಸಿದ ಹಾಲಿನವನು. ಕಥೆ ಸೊಗಸಾಗಿದೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ, ಕಾಣಿಕೆ ಚೀಲವೂ ತುಸು ಭಾರವಾಗುತ್ತದೆ. ಆದರೆ ಮುಲ್ಲರ್ 1837ರಿಂದ ಕಂತುಕಂತಾಗಿ ಪ್ರಕಟಿಸಿದ ಆತ್ಮವೃತ್ತಾಂತವನ್ನು ಬಿಡಿಸಿ ಓದಲು ಹೊರಟವರಿಗೆ ಪ್ರಸಂಗದ ಸ್ವಾರಸ್ಯ ಅಲ್ಲಿ ಸಿಗುವುದಿಲ್ಲ. ಪುಟದ ಮೇಲೆ ಪುಟ ತಾರೀಖು, ಪೌಂಡು, ಶಿಲ್ಲಿಂಗು, ಪೆನ್ನಿ. ಯಾರೋ ಕೊಟ್ಟ ಹಳೆಯ ಉಂಗುರ, ಅದನ್ನು ಮಾರಿ ಬಂದ ಹಣ, ಆ ಹಣದಲ್ಲಿ ಕೊಂಡ ಸಾಮಾನು. ಓದುತ್ತಾ ಹೋದರೆ ಸಂತನ ಚರಿತ್ರೆಗಿಂತ ಕಿರಾಣಿ ಅಂಗಡಿಯ ರೋಜುವಹಿಯ ನೆನಪೇ ಹೆಚ್ಚಾಗುತ್ತದೆ.

ಕ್ರೈಸ್ತ ಬದುಕಿನಲ್ಲಿ ದೀನನಾಗಿರುವುದು, ದೇವರ ಮೇಲೆ ಒರಗಿರುವುದು ಎಂಬ ಮಾತಿಗೆ ಕಳೆದ ಎರಡು ಶತಮಾನಗಳಲ್ಲಿ ಯಾರಾದರೂ ಕಣ್ಣಿಗೆ ಕಾಣುವ ರೂಪ ಕೊಟ್ಟಿದ್ದರೆ ಅವರಲ್ಲಿ ಮುಲ್ಲರ್ ಮೊದಲ ಸಾಲಿನವರು. ಅವರ ಪದ್ಧತಿಯ ಗಟ್ಟಿತನ ಈ ರೋಜುವಹಿಯಲ್ಲೇ ಇದೆ ಎಂಬುದು ನನ್ನ ವಾದ. ಅದರ ದೌರ್ಬಲ್ಯವೂ ಅಲ್ಲೇ ಇದೆ.

1805ರಲ್ಲಿ ಪ್ರಷ್ಯದಲ್ಲಿ ಹುಟ್ಟಿದ ಮುಲ್ಲರ್ ಅವರ ತಂದೆ ಸರ್ಕಾರಿ ಸುಂಕ ವಸೂಲಿಗಾರ. ಹತ್ತು ವರ್ಷ ತುಂಬುವ ಮೊದಲೇ ಹುಡುಗ ಆ ಸರ್ಕಾರಿ ದುಡ್ಡಿಗೆ ಕೈ ಹಾಕುತ್ತಿದ್ದ. ಸಂಶಯ ಬಂದ ತಂದೆ ಒಮ್ಮೆ ಎಣಿಸಿದ ಹಣವನ್ನು ಕೋಣೆಯಲ್ಲಿಟ್ಟು ಹೋದರು. ಮಗ ಕದ್ದು ಶೂ ಒಳಗೆ ಬಚ್ಚಿಟ್ಟು ಸಿಕ್ಕಿಬಿದ್ದ. ಹದಿನಾರನೆಯ ವಯಸ್ಸಿನಲ್ಲಿ ವಸತಿಗೃಹದ ಬಾಕಿ ಕೊಡದೆ ತಪ್ಪಿಸಿಕೊಳ್ಳಲು ಹೋಗಿ ಜೈಲು ಕಂಡ. 1825ರಲ್ಲಿ, ಹಾಲೆ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, ಒಬ್ಬ ವ್ಯಾಪಾರಿಯ ಮನೆಯ ಪ್ರಾರ್ಥನಾ ಕೂಟಕ್ಕೆ ಹೋದ. ಅಲ್ಲಿ ಒಬ್ಬರು ಮೊಣಕಾಲೂರಿ ಪ್ರಾರ್ಥಿಸಿದರು. ದೇವಶಾಸ್ತ್ರ ಓದುತ್ತಿದ್ದ ಆ ಯುವಕ ಮನುಷ್ಯನೊಬ್ಬ ಮೊಣಕಾಲೂರುವುದನ್ನು ಕಂಡದ್ದು ಅದೇ ಮೊದಲು. ಬದುಕು ತಿರುಗಿದ್ದು ಅಲ್ಲಿಂದ. ಎಣಿಸಿಟ್ಟ ಹಣ ಕದ್ದವನು ಮುಂದೆ ಬಂದ ಪ್ರತಿ ಪೆನ್ನಿಗೂ ಲೆಕ್ಕ ಇಟ್ಟದ್ದು ಆಕಸ್ಮಿಕ ಎಂದು ನನಗೆ ಅನಿಸುವುದಿಲ್ಲ. ತನ್ನ ಕೈಯನ್ನು ತಾನೇ ನಂಬಬಾರದೆಂದು ತಿಳಿದುಕೊಂಡ ಮನುಷ್ಯ ಅವರು. ಅವರ ದೀನತೆ ಶುರುವಾಗುವುದೇ ಈ ತಿಳಿವಳಿಕೆಯಿಂದ.

1829ರಲ್ಲಿ ಇಂಗ್ಲೆಂಡಿಗೆ ಬಂದು ಟಿನ್‌ಮತ್ ಎಂಬ ಊರಿನ ಸಭೆಗೆ ಪಾಲಕರಾದರು. ಆಗ ಚರ್ಚಿನಲ್ಲಿ ಕುಟುಂಬಗಳು ಬಾಡಿಗೆ ಕೊಟ್ಟು ಬೆಂಚು ಹಿಡಿಯುತ್ತಿದ್ದವು. ದುಡ್ಡಿದ್ದವರಿಗೆ ಮುಂದಿನ ಜಾಗ, ಆ ಬಾಡಿಗೆಯಿಂದಲೇ ಪಾಲಕರ ಸಂಬಳ. 1830ರಲ್ಲಿ ಮುಲ್ಲರ್ ಬೆಂಚಿನ ಬಾಡಿಗೆಯನ್ನೂ ತಮ್ಮ ಸಂಬಳವನ್ನೂ ಒಟ್ಟಿಗೆ ಬಿಟ್ಟರು. ಕೊಡುವ ಮನಸ್ಸಿದ್ದವರಿಗಾಗಿ ಪ್ರಾರ್ಥನಾಲಯದಲ್ಲಿ ಒಂದು ಪೆಟ್ಟಿಗೆ ಇಟ್ಟರು, ಅಷ್ಟೆ. ತಮ್ಮ ಕೊರತೆಯನ್ನು ಯಾವ ಮನುಷ್ಯನಿಗೂ ಹೇಳಿಕೊಳ್ಳುವುದಿಲ್ಲ, ದೇವರೊಬ್ಬನಿಗೇ ಹೇಳುತ್ತೇನೆ ಎಂಬ ಕಟ್ಟುಪಾಡು ಅಲ್ಲಿಂದ ಬೆಳೆಯಿತು. 1836ರಲ್ಲಿ ಬ್ರಿಸ್ಟಲ್ಲಿನ ವಿಲ್ಸನ್ ಸ್ಟ್ರೀಟಿನ ಬಾಡಿಗೆ ಮನೆಯಲ್ಲಿ ಅನಾಥಾಲಯ ತೆರೆದಾಗ ಅದೇ ಕಟ್ಟುಪಾಡು ಸಂಸ್ಥೆಯ ನಿಯಮವಾಯಿತು. 1870ರ ಹೊತ್ತಿಗೆ ಆಶ್ಲಿ ಡೌನ್ ಗುಡ್ಡದ ಮೇಲೆ ಐದು ದೊಡ್ಡ ಕಟ್ಟಡಗಳು, 2,050 ಮಕ್ಕಳಿಗೆ ಜಾಗ. 1898ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಹತ್ತು ಸಾವಿರ ಮಕ್ಕಳು ಅಲ್ಲಿ ಬೆಳೆದಿದ್ದರು, ಸುಮಾರು 15 ಲಕ್ಷ ಪೌಂಡು ಅವರ ಕೈ ಹಾದುಹೋಗಿತ್ತು. ಚಂದಾ ಎತ್ತಿರಲಿಲ್ಲ, ಸಾಲ ಮಾಡಿರಲಿಲ್ಲ.

ಈ ಅಂಕಿಗಳಿಗೆ ಬೆರಗಾಗುವುದು ಸುಲಭ. ಅದಕ್ಕಿಂತ ಅವರು ತಮಗೆ ತಾವೇ ಹಾಕಿಕೊಂಡ ಬೇಲಿಗಳನ್ನು ನೋಡಬೇಕು. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯವನ್ನು ಮುಂದಿಟ್ಟುಕೊಂಡು ಸಾಲ ಕೂಡದು ಎಂದರು. ಕೈಯಲ್ಲಿ ಹಣವಿಲ್ಲದೆ ಏನನ್ನೂ ಕೊಳ್ಳುತ್ತಿರಲಿಲ್ಲ. ದಾನಿಗಳ ಹೆಸರು ಅಚ್ಚು ಹಾಕಲಿಲ್ಲ. ರಸೀದಿ ಕೊಟ್ಟರು, ವರದಿಯಲ್ಲಿ ಕಾಣಿಕೆಯನ್ನು ಮಾತ್ರ ನಮೂದಿಸಿದರು. ಆ ಕಾಲದ ಇಂಗ್ಲೆಂಡಿನ ಎಷ್ಟೋ ಅನಾಥಾಲಯಗಳಲ್ಲಿ ಯಾವ ಮಗು ಸೇರಬೇಕೆಂದು ಚಂದಾದಾರರು ಓಟು ಹಾಕಿ ತೀರ್ಮಾನಿಸುತ್ತಿದ್ದರು. ವಿಧವೆಯ ಸಂಬಂಧಿಕರು ಓಟಿಗಾಗಿ ಮನೆಮನೆ ಅಲೆಯಬೇಕಿತ್ತು. ಮುಲ್ಲರ್ ಈ ಪದ್ಧತಿಯನ್ನು ಹತ್ತಿರ ಸೇರಿಸಲಿಲ್ಲ. ದಾನಿಯ ಪ್ರಭಾವವೂ ಶಿಫಾರಸೂ ನಡೆಯದ ಜಾಗ ಅದು. ದೇವರ ಮೇಲಿನ ಅವಲಂಬನೆ ಬಡವನ ಪಾಲಿಗೆ ಏನು ಕೊಟ್ಟಿತು ಎಂದು ಕೇಳಿದರೆ ನಾನು ತೋರಿಸುವುದು ಇದನ್ನು: ಮಗು ಯಾರ ಮುಂದೆಯೂ ಕೈ ಚಾಚಬೇಕಾಗಲಿಲ್ಲ.

ಮನುಷ್ಯರ ಮುಂದೆ ಬಗ್ಗುವುದೂ ಅವರಿಗೆ ಗೊತ್ತಿತ್ತು. 1845ರಲ್ಲಿ ವಿಲ್ಸನ್ ಸ್ಟ್ರೀಟಿನ ನಿವಾಸಿಯೊಬ್ಬರು, ಇಷ್ಟು ಮಕ್ಕಳ ಗದ್ದಲದಿಂದ ಅಕ್ಕಪಕ್ಕದವರಿಗೆ ತೊಂದರೆಯಾಗುತ್ತಿದೆ ಎಂದು ಸೌಜನ್ಯದಿಂದಲೇ ಪತ್ರ ಬರೆದರು. ದೇವರ ಕೆಲಸಕ್ಕೆ ಅಡ್ಡಿ ಎಂದು ಮುಲ್ಲರ್ ಹರಿಹಾಯಲಿಲ್ಲ. ನೆರೆಯವರ ದೂರಿನಲ್ಲಿ ನ್ಯಾಯವಿದೆ ಎಂದು ಬರೆದುಕೊಂಡರು, ಊರಾಚೆ ಜಾಗ ಹುಡುಕಿದರು. ಆಶ್ಲಿ ಡೌನ್ ಕಟ್ಟಡಗಳು ಎದ್ದದ್ದು ಹೀಗೆ.

1857ರ ನವೆಂಬರಿನ ಒಂದು ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದನೇ ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ಸೋರತೊಡಗಿತು. ಸುತ್ತ ಇಟ್ಟಿಗೆ ಗೋಡೆ, ಒಡೆಯದೆ ಸೋರುವ ಜಾಗ ತಿಳಿಯದು. ಒಡೆದರೆ ರಿಪೇರಿ ಮುಗಿಯುವವರೆಗೆ ಬೆಂಕಿ ಇಲ್ಲ, ಒಳಗೆ ಮುನ್ನೂರು ಮಕ್ಕಳು, ಹೊರಗೆ ಕೊರೆಯುವ ಬಡಗಣ ಗಾಳಿ. ಮುಲ್ಲರ್ ಮೊದಲು ಕೆಲಸಗಾರರನ್ನು ಗೊತ್ತುಮಾಡಿ ದಿನ ನಿಗದಿ ಮಾಡಿದರು. ಆಮೇಲೆ ಎರಡು ಬೇಡಿಕೆ ಇಟ್ಟು ಪ್ರಾರ್ಥಿಸಿದರು: ಗಾಳಿ ತೆಂಕಣಕ್ಕೆ ತಿರುಗಲಿ, ಕೆಲಸಗಾರರಿಗೆ ಕೆಲಸ ಮಾಡುವ ಮನಸ್ಸು ಬರಲಿ. ಮಂಗಳವಾರ ಸಂಜೆಯವರೆಗೂ ಚಳಿಗಾಳಿ ನಿಲ್ಲಲಿಲ್ಲ. ಬುಧವಾರ ತೆಂಕಣ ಗಾಳಿ ಬೀಸಿತು. ಅಂದು ರಾತ್ರಿ ಮೇಸ್ತ್ರಿ, ಜನ ತಡವಾಗಿಯಾದರೂ ಕೆಲಸ ಮಾಡುತ್ತಾರೆ, ನಾಳೆ ಬೇಗ ಬರುತ್ತಾರೆ ಎಂದ. ಕೆಲಸಗಾರರು ಅದಕ್ಕಿಂತ ರಾತ್ರಿಯಿಡೀ ದುಡಿಯುವುದೇ ವಾಸಿ ಎಂದರು.

ಗಾಳಿ ತಿರುಗಿದ್ದು ಪ್ರಾರ್ಥನೆಯಿಂದಲೋ ಹವಾಮಾನದಿಂದಲೋ ಎಂಬುದನ್ನು ಓದುಗರ ನಂಬಿಕೆಗೆ ಬಿಡುತ್ತೇನೆ. ನನ್ನ ಗಮನ ಎರಡನೇ ಬೇಡಿಕೆಯ ಮೇಲೆ. ಬಾಯ್ಲರ್ ತಾನಾಗಿ ಸರಿಹೋಗಲಿ ಎಂದು ಅವರು ಕೇಳಲಿಲ್ಲ. ಬೇರೆಯವರ ಶ್ರಮ ಬೇಕೆಂದು ಒಪ್ಪಿಕೊಂಡರು, ಆ ಶ್ರಮವನ್ನು ವರವೆಂದು ಎಣಿಸಿದರು. ಆಜ್ಞೆ ಮಾಡಬಹುದಾದ ಜಾಗದಲ್ಲಿ ನಿಂತವನು ಕೂಲಿಯವನ ಮನಸ್ಸಿಗಾಗಿ ದೇವರನ್ನು ಬೇಡುತ್ತಾನೆ. ದೀನತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಆ ಸಂಪುಟಗಳಲ್ಲಿ ನನಗೆ ಸಿಕ್ಕಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು ಎಲ್ಲರೂ ಎತ್ತುವಂಥದು, ಉತ್ತರಿಸಲು ಕಷ್ಟವಾದದ್ದೂ ಹೌದು. ಯಾರಲ್ಲೂ ಕೇಳುವುದಿಲ್ಲ ಎಂದವರು ವರ್ಷವರ್ಷ ವರದಿ ಅಚ್ಚು ಹಾಕಿಸಿ ಹಂಚಿದರು. ಇಂಥ ದಿನ ಕೈ ಬರಿದಾಗಿತ್ತು, ಪ್ರಾರ್ಥಿಸಿದೆವು, ಇಂಥ ಮೊತ್ತ ಬಂತು ಎಂದು ಓದಿದವರಿಗೆ ಜೇಬಿಗೆ ಕೈ ಹೋಗದೇ ಇರುತ್ತದೆಯೇ? ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಎಂದ ಯೇಸುವಿನ ಶಿಷ್ಯ ಮುಚ್ಚಿದ ಕೋಣೆಯ ದಿನಚರಿಯನ್ನು ಬೀದಿಗೆ ತಂದಂತಾಯಿತು. ಈ ಆಕ್ಷೇಪ ಮುಲ್ಲರ್ ಅವರಿಗೂ ಹೊಳೆದಿತ್ತು. 1841ರ ಡಿಸೆಂಬರಿನಲ್ಲಿ ವರದಿ ಓದುವ ಸಭೆ ನಡೆಯಬೇಕಿತ್ತು, ಹಣ ತಳ ಮುಟ್ಟಿತ್ತು. ಈಗ ಸಭೆ ಕರೆದರೆ ಕೊರತೆ ಹೇಳಿಕೊಂಡಂತಾಗುತ್ತದೆ ಎಂದು ಅದನ್ನು ತಿಂಗಳುಗಟ್ಟಲೆ ಮುಂದೂಡಿದರು. ನಂತರದ ತಿಂಗಳುಗಳು ಅತ್ಯಂತ ಕಷ್ಟದವಾಗಿದ್ದವು. ಪ್ರಾಮಾಣಿಕತೆಗೆ ಇದು ಸಾಕ್ಷಿ, ಆದರೆ ಆಕ್ಷೇಪಕ್ಕೆ ಪೂರ್ತಿ ಉತ್ತರವಲ್ಲ. 1857ರಲ್ಲಿ ಕಾದಂಬರಿಕಾರ ಡಿಕನ್ಸ್ ಅವರ ಪತ್ರಿಕೆಯಲ್ಲೇ ಮುಲ್ಲರ್ ಕೆಲಸದ ಬಗ್ಗೆ ಲೇಖನ ಬಂದ ಮೇಲೆ ಅವರ ಮೌನಕ್ಕೇ ದೊಡ್ಡ ದನಿ ಬಂದಿತ್ತು. ನನ್ನ ತೀರ್ಮಾನ ಹೀಗೆ: ಹತ್ತು ಜನರ ಹಣ ಮುಟ್ಟುವವನು ಲೆಕ್ಕ ಒಪ್ಪಿಸಲೇಬೇಕು, ಹಾಗಾಗಿ ವರದಿ ತಪ್ಪಲ್ಲ. ಯಾರನ್ನೂ ಕೇಳಿಲ್ಲ ಎಂಬುದನ್ನು ಮತ್ತೆ ಮತ್ತೆ ಹೇಳಿದ್ದು ಮಾತ್ರ ಹೆಚ್ಚಾಯಿತು.

ಎರಡನೆಯದು ಹೆಚ್ಚು ಗಂಭೀರ. ಅನಾಥಾಲಯದ ಮೊದಲ ಉದ್ದೇಶ ದೇವರು ಇಂದಿಗೂ ಪ್ರಾರ್ಥನೆಗೆ ಉತ್ತರ ಕೊಡುತ್ತಾನೆಂದು ಲೋಕಕ್ಕೆ ತೋರಿಸುವುದು, ಮಕ್ಕಳ ಹಿತ ಅದರ ನಂತರ ಎಂದು ಮುಲ್ಲರ್ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಹಾಗಾದರೆ ಆ ಮಕ್ಕಳು ಒಂದು ವಾದದ ಪುರಾವೆಗಳೇ? 1836ರ ಫೆಬ್ರವರಿಯಲ್ಲಿ ಅರ್ಜಿ ತೆಗೆದುಕೊಳ್ಳಲು ಕೂತರೆ ಒಂದು ಮಗುವೂ ಬರಲಿಲ್ಲ. ಮನೆ, ಹಣ, ಸಿಬ್ಬಂದಿ ಎಲ್ಲಕ್ಕೂ ಪ್ರಾರ್ಥಿಸಿದ್ದೆ, ಮಕ್ಕಳಿಗಾಗಿಯೇ ಪ್ರಾರ್ಥಿಸಿರಲಿಲ್ಲ ಎಂದು ಆಗ ಹೊಳೆಯಿತಂತೆ. ಭಕ್ತರು ಇದನ್ನು ನಗುತ್ತಾ ಹೇಳುತ್ತಾರೆ. ನನಗೆ ಇಲ್ಲಿ ಅವರ ಯೋಜನೆಯ ಓರೆ ಕಾಣುತ್ತದೆ. ಸೇರಿಸಿಕೊಳ್ಳುವ ನಿಯಮವೂ ಬಿಗಿ: ತಂದೆ ತಾಯಿ ಇಬ್ಬರೂ ಸತ್ತಿರಬೇಕು, ಮಗು ಮದುವೆಯೊಳಗೇ ಹುಟ್ಟಿರಬೇಕು. ಎಲ್ಲರಿಗಿಂತ ಹೆಚ್ಚು ನಿರ್ಗತಿಕವಾದ ಮಗು ಆ ಬಾಗಿಲಲ್ಲಿ ಹೊರಗೇ ಉಳಿಯಿತು.

ಮೂರನೆಯದನ್ನು ಜೀವನಚರಿತ್ರೆಕಾರರು ಬೇಗ ದಾಟಿಬಿಡುತ್ತಾರೆ. 1838ರ ಮುಗ್ಗಟ್ಟಿನಲ್ಲಿ ಮುಲ್ಲರ್ ಹಣದ ಸ್ಥಿತಿಯನ್ನು ಸಹೋದ್ಯೋಗಿಗಳಿಗೆ ತಿಳಿಸಿದರು. ಅಲ್ಲಿಂದಾಚೆ ಎಷ್ಟೋ ದಿನ ಮೇಟ್ರನ್ನರೂ ಶಿಕ್ಷಕರೂ ತಮ್ಮ ಕೈಯ ಪುಡಿಗಾಸು ಸುರಿದು, ಸಾಮಾನು ಮಾರಿ ಅಂದಿನ ಊಟ ನಡೆಸಿದರು. ಅವರು ಮನಸಾರೆ ಕೊಟ್ಟರು, ನಿಜ. ಆದರೆ ದೇವರು ಕೊಟ್ಟನು ಎಂದು ಬರೆದ ಸಾಲಿನ ಹಿಂದೆ ಬಡ ಮೇಟ್ರನ್ನಳ ಉಳಿತಾಯ ಇತ್ತು ಎಂಬುದನ್ನೂ ಓದಿಕೊಳ್ಳಬೇಕು. ಮುಲ್ಲರ್ ಇದನ್ನು ಬಚ್ಚಿಡಲಿಲ್ಲ, ತಮಗೂ ಏನೂ ಕೂಡಿಡಲಿಲ್ಲ. ವೈಯಕ್ತಿಕವಾಗಿ ಬಂದದ್ದರಲ್ಲಿ 80 ಸಾವಿರ ಪೌಂಡಿಗೂ ಹೆಚ್ಚು ದಾನ ಮಾಡಿದ ಮನುಷ್ಯ ಸತ್ತಾಗ ಬಿಟ್ಟುಹೋದದ್ದು ಇನ್ನೂರು ಪೌಂಡಿಗಿಂತ ಕಡಿಮೆ.

ಮುಲ್ಲರ್ ಪದ್ಧತಿ ನಮ್ಮ ಕಡೆಯ ಒಬ್ಬ ಹೆಣ್ಣುಮಗಳ ಕೈಯಲ್ಲಿ ಮಾಗಿತು ಎಂಬುದನ್ನು ಕನ್ನಡ ಕ್ರೈಸ್ತರು ನೆನೆಯುವುದು ಕಡಿಮೆ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಮುಲ್ಲರ್ ವೃತ್ತಾಂತವನ್ನು ಓದಿ ಪ್ರಭಾವಿತರಾದವರು. ವಿಧವೆಯರಿಗಾಗಿ ಅವರು ನಡೆಸುತ್ತಿದ್ದ ಶಾರದಾ ಸದನಕ್ಕೆ ಅಮೆರಿಕದ ಸಂಘವೊಂದು ಹತ್ತು ವರ್ಷದ ನೆರವಿನ ಭರವಸೆ ಕೊಟ್ಟಿತ್ತು. ಆ ಅವಧಿ ಮುಗಿಯುವ ಹೊತ್ತಿಗೇ ಬರಗಾಲ ಬಂತು. 1896–97ರಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಸದನ ಬೆಳೆದದ್ದು ಆಗ. ದೇವರನ್ನೇ ನಂಬಿದರು, ಜೊತೆಗೆ ಬಾವಿ ತೋಡಿಸಿದರು, ಹೊಲ ಮಾಡಿಸಿದರು, ಮಗ್ಗ ಹಾಕಿಸಿದರು, ಅಚ್ಚುಕೂಟ ನಡೆಸಿದರು. ಮುಲ್ಲರ್ ಬಾಗಿಲು ಮುಚ್ಚಿದ ಕಡೆ ರಮಾಬಾಯಿ ಬಾಗಿಲು ತೆರೆದರು: ಲೋಕ ಕೆಟ್ಟವಳೆಂದು ತಳ್ಳಿದ ಹೆಣ್ಣಿಗಾಗಿ ಕೃಪಾ ಸದನ ಕಟ್ಟಿದರು.

ಅವರಿಂದ ಕಲಿಯುವ ಇನ್ನೊಂದು ಪಾಠವಿದೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಚರ್ಚಿನ ಹಿರಿಯರು ಆಕೆಗೆ ವಿಧೇಯತೆಯ ಉಪದೇಶ ಮಾಡಿದರು. ಭಾರತದ ಪುರೋಹಿತರ ನೊಗ ಕಳಚಿ ಬಂದವಳು ಅಂಥದೇ ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆ ಎಂಬ ಅರ್ಥದ ಉತ್ತರವನ್ನು ಆಕೆ ಬರೆದರು. ದೇವರ ಮುಂದೆ ದೀನಳಾದವಳು ಬಿಷಪ್ಪರ ಮುಂದೆ ಬಾಯಿ ಮುಚ್ಚಬೇಕಿಲ್ಲ. ಹೆಂಗಸರಿಗೂ ಬಡ ಸದಸ್ಯರಿಗೂ ದೀನತೆ ಬೋಧಿಸಿ, ತಾವು ಮಾತ್ರ ಪ್ರಶ್ನೆ ಸಹಿಸದ ಸಭಾನಾಯಕರಿಗೆ ರಮಾಬಾಯಿಯ ಪತ್ರಗಳು ಒಳ್ಳೆಯ ಓದು.

ಇವತ್ತು ಮುಲ್ಲರ್ ಹೆಸರು ಹೆಚ್ಚು ಬಳಕೆಯಾಗುತ್ತಿರುವುದು ಅವರ ನಿಯಮಗಳನ್ನೆಲ್ಲ ಬಿಟ್ಟು. ವಿಶ್ವಾಸದಿಂದ ಸಭಾಮಂದಿರ ಕಟ್ಟುತ್ತೇವೆ ಎಂದು ಘೋಷಿಸುತ್ತಾರೆ, ಸಾಲ ತರುತ್ತಾರೆ, ಕಂತು ಕಟ್ಟಲು ವಿಶೇಷ ಕಾಣಿಕೆ ಎತ್ತುತ್ತಾರೆ, ಹೆಚ್ಚು ಕೊಟ್ಟವರ ಹೆಸರನ್ನು ಗ್ರಾನೈಟ್ ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಕೇಳಿದ್ದು ಸಿಗದ ವಿಶ್ವಾಸಿಗೆ ನಿನ್ನ ನಂಬಿಕೆ ಸಾಲದು ಎನ್ನುತ್ತಾರೆ. ಮುಲ್ಲರ್ ಪದ್ಧತಿಯಲ್ಲಿ ಭಾರ ನಾಯಕನ ಹೆಗಲ ಮೇಲಿತ್ತು. ಇಲ್ಲಿ ಅದು ಕೊಡುವವನ ಹೆಗಲಿಗೆ ದಾಟಿದೆ.

ಲೋಪಗಳೊಂದಿಗೇ ಮುಲ್ಲರ್ ಪದ್ಧತಿ ನಿಲ್ಲುತ್ತದೆ ಎಂದೇ ನನ್ನ ತೀರ್ಪು. ಮಕ್ಕಳನ್ನು ಸಾಕ್ಷಿಯಾಗಿ ಕಂಡ ಅವರ ದೃಷ್ಟಿಯನ್ನು ಬಿಡೋಣ, ರಮಾಬಾಯಿಯ ತೆರೆದ ಬಾಗಿಲನ್ನು ಸೇರಿಸಿಕೊಳ್ಳೋಣ. ಸಾಲವಿಲ್ಲದ ನಡೆ, ಪೆನ್ನಿಗೂ ಲೆಕ್ಕ, ದಾನಿಗೆ ಸಿಗದ ಹೆಸರು, ಸಿಟ್ಟಾಗದೆ ಕೇಳಿದ ದೂರು, ಇಷ್ಟನ್ನು ಉಳಿಸಿಕೊಂಡರೆ ದೇವರ ಮೇಲೆ ಒರಗಿದ್ದೇವೆ ಎಂಬ ಮಾತಿಗೆ ತೂಕ ಬರುತ್ತದೆ. ಮುಂದಿನ ಭಾನುವಾರ ವೇದಿಕೆಯ ಮೇಲಿಂದ ಹಾಲಿನ ಗಾಡಿಯ ಕಥೆ ಹೇಳಲಿರುವ ಪಾಸ್ಟರುಗಳಲ್ಲಿ ಒಂದು ವಿನಂತಿ: ಅದಕ್ಕೂ ಮೊದಲು ಸಭೆಯ ವರ್ಷದ ಜಮಾ ಖರ್ಚನ್ನು ಓದಿ ಹೇಳಿ.