ಪಕ್ಕದ ಮನೆಯ ಹೊಗೆ, ನಮ್ಮ ಮನೆಯ ಪಿಒಪಿ

ಆಳಂದ, ಅಫಜಲಪುರ, ಜೇವರ್ಗಿಯ ಹಳೆ ಓಣಿಗಳಲ್ಲಿ ಮನೆ ಕೊಳ್ಳಲು ಬಂದವರು ಮೊದಲು ತಲೆಯೆತ್ತಿ ಮಾಳಿಗೆ ನೋಡುತ್ತಾರೆ, ಆಮೇಲೆ ನೆಲ, ಆಮೇಲೆ ಗೋಡೆಯ ಬಣ್ಣ. ಮೂರಕ್ಕೂ ಮುಖ ಸಿಂಡರಿಸಿ, ‘ಇದೆಲ್ಲಾ ತೆಗಸಬೇಕಾಗ್ತದ್ರಿ’ ಎಂದು ದರ ಇಳಿಸುತ್ತಾರೆ. ಇಸಾರ ಆಗುತ್ತದೆ, ನೋಂದಣಿ ಆಗುತ್ತದೆ, ಗೌಂಡಿ ಬರುತ್ತಾನೆ, ಪಿಒಪಿಯವರು ಬರುತ್ತಾರೆ, ಹಾಲುಕ್ಕಿಸಿದ ದಿನ ಬೀಗರು ಬಿಜ್ಜರು ಉಂಡು ಹೊಗಳಿ ಹೋಗುತ್ತಾರೆ. ಪಕ್ಕದ ಮನೆಯಲ್ಲಿ ಕಟ್ಟಿಗೆ ಒಲೆ ಇದೆ ಎಂಬುದು ತಿಳಿಯುವುದು ಮರುವಾರ, ಬೆಳಗಿನ ಜಾವ ಕೆಮ್ಮುತ್ತ ಎದ್ದಾಗ. ಕಣ್ಣಿನಿಂದಲೇ ಮನೆ ಅಳೆದು, ಕಣ್ಣಿಗಾಗಿಯೇ ಅದನ್ನು ತಿದ್ದಿಸುವ ಈ ಪದ್ಧತಿಗೆ ನಮ್ಮ ಕಡೆ ‘ಮನಿ ಮಾಡರ್ನ್ ಮಾಡಿಸೋದು’ ಎನ್ನುತ್ತಾರೆ. ಸಿನಿಮಾಕ್ಕೆ, ನಾಟಕಕ್ಕೆ, ಪುಸ್ತಕಕ್ಕೆ ವಿಮರ್ಶೆ ಇದೆ; ಜನ ಜೀವಮಾನದ ಉಳಿತಾಯ ಸುರಿಯುವ ಈ ಕೃತಿಗೆ ಮಾತ್ರ ಇಲ್ಲ.

ಫ್ಲ್ಯಾಟ್ ಎಂಬುದು ಈ ಮೂರು ಊರುಗಳಲ್ಲಿ ಇನ್ನೂ ಅಪರೂಪ. ಅದಕ್ಕೆ ಕಲಬುರಗಿಗೆ ಹೋಗಬೇಕು. ಮಕ್ಕಳ ಓದಿಗೆಂದು ತೊಗರಿ ಮಾರಿದ ದುಡ್ಡು ಸೇರಿಸಿ ಅಲ್ಲಿ ಹಳೆ ಫ್ಲ್ಯಾಟ್ ಹಿಡಿದವರು ಈ ತಾಲೂಕುಗಳಿಂದ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹಳೆ ಓಣಿಯ ಮನೆಯೂ ಗುಣದಲ್ಲಿ ಫ್ಲ್ಯಾಟೇ. ಒಂದೇ ಗೋಡೆಯ ಎರಡು ಮಗ್ಗುಲಿಗೆ ಎರಡು ಸಂಸಾರ. ಮಾಳಿಗೆಯಿಂದ ಮಾಳಿಗೆಗೆ ಕಾಲಿಟ್ಟರೆ ಓಣಿಯ ತುದಿ ಮುಟ್ಟಬಹುದು. ಆಚೆ ಮನೆಯ ಒಗ್ಗರಣೆ, ಜಗಳ, ಕೆಮ್ಮು, ಬೀಡಿ ಎಲ್ಲವೂ ಈಚೆಗೆ ಬರುತ್ತವೆ. ಆದ್ದರಿಂದ ಎರಡಕ್ಕೂ ಒಂದೇ ಅಳತೆಗೋಲು ಸಾಕು.

ಮೊದಲು ‘ಹಳೇದು’ ಎಂದು ಕಿತ್ತೆಸೆಯುವುದನ್ನು ನೋಡೋಣ. ಈ ಮನೆಗಳ ನೆಲ ಶಹಾಬಾದ ಫರಸಿಯದು. ನಮ್ಮದೇ ಜಿಲ್ಲೆಯ ಸುಣ್ಣಕಲ್ಲು. ಬೂದಿಯಿಂದ ನೀಲಿಗೆ ತಿರುಗುವ ಬಣ್ಣ, ವರ್ಷಗಟ್ಟಲೆ ತುಳಿದಷ್ಟೂ ನುಣುಪು. ಬಿಸಿಲು ನಲವತ್ತು ಡಿಗ್ರಿ ದಾಟಿದ ವೈಶಾಖದ ಮಧ್ಯಾಹ್ನ ಬರಿ ಮೈಯಲ್ಲಿ ಅದರ ಮೇಲೆ ಮಲಗಿದವನಿಗೆ ಅದರ ಬೆಲೆ ಗೊತ್ತು. ಅದಕ್ಕೆ ದೋಷವಿಲ್ಲವೆಂದಲ್ಲ. ಎಣ್ಣೆ ಬಿದ್ದರೆ ಕುಡಿಯುತ್ತದೆ, ನಿಂಬೆರಸ ಅಥವಾ ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ಬಿಳಿಚಿಕೊಳ್ಳುತ್ತದೆ, ಸಂದಿಗಳಲ್ಲಿ ಇರುವೆ ಮನೆ ಮಾಡುತ್ತದೆ. ಆದರೂ ಒಮ್ಮೆ ಎತ್ತಿ ಮಟ್ಟ ಮಾಡಿ, ಸಂದಿ ತುಂಬಿಸಿ ಉಜ್ಜಿಸಿದರೆ ಇನ್ನೊಂದು ತಲೆಮಾರು ಬಾಳುವ ನೆಲ ಅದು. ಅದನ್ನು ಒಡೆದು ಗುಜರಾತಿನ ಮೋರ್ಬಿಯಿಂದ ಬಂದ ಹೊಳೆಯುವ ಟೈಲ್ಸ್ ಹಾಸುತ್ತಾರೆ. ವಾಡಿ, ಸೇಡಂಗಳಲ್ಲಿ ಇದೇ ಸುಣ್ಣಕಲ್ಲನ್ನು ಸುಟ್ಟು ಮಾಡಿದ ಸಿಮೆಂಟಿನ ಮೇಲೆಯೇ ಆ ಟೈಲ್ಸ್ ಕೂರುತ್ತದೆ ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ಒದ್ದೆ ಕಾಲಿನಲ್ಲಿ ಹಿರಿಯರು ಜಾರಿ ಬಿದ್ದಾಗ ಮಾತ್ರ ಹಳೆ ನೆಲದ ನೆನಪು.

ಗೋಡೆಯ ಗೂಡುಗಳಿಗೂ ಇದೇ ಗತಿ. ದೀಪಕ್ಕೆ, ದೇವರಿಗೆ, ಔಷಧದ ಬಾಟಲಿಗೆ, ಮಕ್ಕಳ ಪಾಟಿಗೆ ಜಾಗ ಕೊಟ್ಟ ಗೂಡುಗಳನ್ನು ಇಟ್ಟಂಗಿ ತುಂಬಿ ಮುಚ್ಚಿ, ಅದರ ಎದುರು ಪ್ಲೈವುಡ್ಡಿನ ಕಪಾಟು ನಿಲ್ಲಿಸುತ್ತಾರೆ. ಗೋಡೆ ಮಣ್ಣಿನದಾಗಿದ್ದರೆ ಸಿಮೆಂಟ್ ಗಿಲಾವು ಬಳಿಯುತ್ತಾರೆ. ಒಳಗಿನ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಎರಡು ಮಳೆಗಾಲದಲ್ಲಿ ಗಿಲಾವು ಹಪ್ಪಳದಂತೆ ಏಳುತ್ತದೆ. ಅದನ್ನು ಮುಚ್ಚಲು ಪಿವಿಸಿ ಪಟ್ಟಿ. ಅದರ ಹಿಂದೆ ಜಿರಲೆ.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನುವ ಬೆಂಗಳೂರಿನ ಪತ್ರಿಕೆಗಳ ಪುರವಣಿ ಭಾವುಕತೆ ನನಗಿಲ್ಲ. ಮಣ್ಣಿನ ಮಾಳಿಗೆಯ ಮಾತು ಬಂದಾಗ ಕಿಲ್ಲಾರಿಯನ್ನು ಮರೆಯುವಂತಿಲ್ಲ. ಆಳಂದದಿಂದ ಉತ್ತರಕ್ಕೆ, ಉಮರ್ಗಾ ದಾಟಿದರೆ ಸಿಗುವ ಊರು ಅದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ದಣಿದು ಮಲಗಿದ್ದ ಸಾವಿರಾರು ಜನ ಅಲ್ಲಿ ಸತ್ತರು. ಕೊಂದದ್ದು ಭೂಕಂಪಕ್ಕಿಂತ ಹೆಚ್ಚಾಗಿ ಅವರದೇ ಮನೆ: ಮಣ್ಣಿನ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ವರ್ಷ ವರ್ಷವೂ ಸೋರದಿರಲೆಂದು ಪದರ ಪದರವಾಗಿ ಹೇರಿದ ಮಣ್ಣು. ನಮ್ಮ ಹಳೆ ಮನೆಗಳ ಕಟ್ಟಡವೂ ಅದೇ ಜಾತಿಯದು. ಆದ್ದರಿಂದ ಮಾಳಿಗೆಯನ್ನು ಅನುಮಾನದಿಂದ ನೋಡುವುದು ಸರಿ. ಜಂತಿ ಗಟ್ಟಿ ಇದೆಯೇ, ತೊಲೆಯ ತುದಿ ಗೋಡೆಯೊಳಗೆ ಕೊಳೆತಿದೆಯೇ, ಮೇಲಿನ ಮಣ್ಣಿನ ಭಾರ ಇಳಿಸಬಹುದೇ ಎಂದು ತಿಳಿದವರಿಂದ ನೋಡಿಸಬೇಕು. ನಡೆಯುತ್ತಿರುವುದು ಅದಲ್ಲ. ಜಂತಿಯನ್ನು ನೋಡುವ ಬದಲು ಅದರ ಕೆಳಗೆ ಪಿಒಪಿಯ ಹುಸಿ ಚಾವಣಿ ಕಟ್ಟಿ, ಹೂವಿನ ಸುರುಳಿ ಕೆತ್ತಿಸಿ, ನೀಲಿ ಗುಲಾಬಿ ಎಲ್ಇಡಿ ಪಟ್ಟಿ ಹಚ್ಚುತ್ತಾರೆ. ಸೋರಿಕೆ, ಗೆದ್ದಲು, ಬಿರುಕು ಇನ್ನು ಯಾರಿಗೂ ಕಾಣದು. ಇನ್ನೊಂದು ಸಂಗತಿ ಇದೆ: ಆ ಜಂತಿಗಳನ್ನು ಇಷ್ಟು ವರ್ಷ ಹುಳದಿಂದ ಕಾಪಾಡಿದ್ದರಲ್ಲಿ ಒಲೆಯ ಹೊಗೆಯ ಪಾಲೂ ಇತ್ತು. ಒಲೆ ತೆಗೆದು ಬೆಳಕಿಂಡಿ ಮುಚ್ಚಿದವರು ಮರಕ್ಕೆ ಬೇರೆ ಮದ್ದು ಹಾಕಿಸಬೇಕಿತ್ತು, ಹಾಕಿಸಿದವರು ಕಡಿಮೆ.

ಇನ್ನು ಹೊಗೆ. ಉಜ್ವಲಾ ಯೋಜನೆ 2016ರಲ್ಲಿ ಬಂದ ಮೇಲೆ ಈ ಓಣಿಗಳಲ್ಲಿ ಗ್ಯಾಸ್ ಸಿಲಿಂಡರು ಹೊಸದಲ್ಲ. ಚಹಾ, ಸಾರು, ಅನ್ನ ಅದರ ಮೇಲೆಯೇ. ಆದರೆ ಜೋಳದ ರೊಟ್ಟಿಗೆ ಬಂದರೆ ಹಿತ್ತಲಿನ ಒಲೆಯೇ ಆಗಬೇಕು. ‘ಗ್ಯಾಸಿನ ಮ್ಯಾಲಿನ ರೊಟ್ಟಿಗಿ ರುಚಿ ಇಲ್ರಿ’ ಎನ್ನುವುದು ಅರ್ಧ ಕಾರಣ. ಇನ್ನರ್ಧ, ದೊಡ್ಡ ಸಂಸಾರದ ರೊಟ್ಟಿಗೆ ಸಿಲಿಂಡರು ಎಷ್ಟು ದಿನ ಬಂದೀತು ಎಂಬ ಲೆಕ್ಕ. ತೊಗರಿಯ ನಾಡಿದು. ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆಗೆ ದುಡ್ಡು ಕೊಡಬೇಕಿಲ್ಲ. ಒಣಗಿದಾಗ ಅದು ಭಗ್ಗನೆ ಉರಿಯುತ್ತದೆ. ಮಳೆಗಾಲದಲ್ಲಿ ನೆನೆದರೆ ಉರಿಯೇ ಇಲ್ಲ, ಬರೀ ಹೊಗೆ. ಹತ್ತಿಕಟ್ಟಿಗೆ, ಕುಳ್ಳು ಸೇರಿದರೆ ಇನ್ನೂ ದಟ್ಟ. ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಸಂಸಾರ ನಡೆಸುವ ಹೆಂಗಸರೂ ಈ ಓಣಿಗಳಲ್ಲಿದ್ದಾರೆ. ‘ಕಲಬುರಗಿ ರೊಟ್ಟಿ’ ಎಂದು ಈಗ ಅದಕ್ಕೊಂದು ಹೆಸರು, ಮಾರುಕಟ್ಟೆ ಬಂದಿದೆ. ಅವರಿಗೆ ಒಲೆ ಆರಿಸಿ ಎನ್ನುವುದು ಗಳಿಕೆ ನಿಲ್ಲಿಸಿ ಎಂದಂತೆ.

ಹೊಗೆ ಮೊದಲೂ ಇತ್ತು, ಈಗೇಕೆ ಕಾಡುತ್ತದೆ? ಉತ್ತರ ಮನೆಯ ಎತ್ತರದಲ್ಲಿದೆ. ಓಣಿಯ ಎಲ್ಲ ಮಾಳಿಗೆಗಳೂ ಸುಮಾರು ಒಂದೇ ಮಟ್ಟದಲ್ಲಿದ್ದಾಗ ಬೆಳಕಿಂಡಿಯಿಂದ ಎದ್ದ ಹೊಗೆ ಎಲ್ಲರ ತಲೆಯ ಮೇಲಿಂದ ಹೋಗುತ್ತಿತ್ತು. ಕೊಂಡವರು ಆರ್‌ಸಿಸಿ ಹಾಕಿ ಮಹಡಿ ಏರಿಸಿದರು, ಗಾಳಿ ಬರಲೆಂದು ಪಕ್ಕದ ಮಾಳಿಗೆಯ ಕಡೆಗೆ ಖಿಡಕಿ ಇಟ್ಟರು. ಬೆಳಕಿಂಡಿಯ ನೇರ ಮೇಲೆ ಮಲಗುವ ಕೋಣೆ! 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಒಲೆ ಹಳ್ಳಿಗಳಿಗೆ ಬಂತು. ಕೊಳವೆ ಇಟ್ಟು ಹೊಗೆಯನ್ನು ಅಡುಗೆಮನೆಯಿಂದ ಹೊರಗೆ ಹಾಕುವ, ಕಡಿಮೆ ಕಟ್ಟಿಗೆ ಕೇಳುವ ಒಳ್ಳೆಯ ಒಲೆ. ಹೆಂಗಸರ ಕಣ್ಣು, ಎದೆ ಎರಡಕ್ಕೂ ಅದರಿಂದ ಉಪಕಾರವಾಯಿತು. ಆದರೆ ಆ ಬಗೆಯ ಒಲೆಗಳ ಕೊಳವೆ ಮಾಳಿಗೆಯ ಮೇಲೆ ಎರಡು ಮೂರು ಅಡಿ ಎದ್ದು ನಿಲ್ಲುವುದೇ ರೂಢಿ. ಹೊಲದ ನಡುವಿನ ಮನೆಗೆ ಅದು ಸಾಕು. ಪಕ್ಕದಲ್ಲಿ ಮಹಡಿ ಎದ್ದಿರುವ ಓಣಿಯಲ್ಲಿ ಆ ಕೊಳವೆ ಹೊಗೆಯನ್ನು ಒಂದು ಮನೆಯ ಅಡುಗೆಕೋಣೆಯಿಂದ ಇನ್ನೊಂದು ಮನೆಯ ಹಾಸಿಗೆಗೆ ಸಾಗಿಸುತ್ತದೆ.

ಹೊಸಬರು ಗೋಡೆಯ ಆಚೆ ನಿಂತು, ‘ಕಾಕಿ, ಹೊಗಿ ಭಾಳ ಬರ್ತದರಿ, ಕೂಸಿಗಿ ಕೆಮ್ಮು ಹತ್ತ್ಯದ’ ಎನ್ನುತ್ತಾರೆ. ಹಿರಿಯಾಕೆಯ ಉತ್ತರ ಬಹುತೇಕ ಒಂದೇ: ‘ಒಲಿ ನಮ್ಮತ್ತಿ ಕಾಲದಿಂದ ಇಲ್ಲೇ ಅದಪಾ. ಖಿಡಕಿ ನೀ ಮೊನ್ನಿ ಇಟ್ಟಿ.’

ಈ ಜಗಳಕ್ಕೆ ದೊಡ್ಡ ವಂಶವೃಕ್ಷವಿದೆ. ಇಂಗ್ಲೆಂಡಿನಲ್ಲಿ 1876ರಲ್ಲಿ ಒಬ್ಬರು ತಮ್ಮ ಹಳೆ ಮನೆ ಕೆಡವಿ ಎತ್ತರಿಸಿ ಕಟ್ಟಿ, ಮೇಲೆ ಮರದ ದಿಮ್ಮಿ ಒಟ್ಟಿದರು. ಗಾಳಿ ತಡೆದು ಪಕ್ಕದವನ ಚಿಮಣಿಯ ಹೊಗೆ ತಿರುಗಿ ಅವನ ಮನೆಯೊಳಗೇ ತುಂಬಿತು. ಪಂಚರು ಅವನಿಗೆ 40 ಪೌಂಡ್ ಪರಿಹಾರ ಕೊಡಿಸಿದರು. 1879ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬೆಂಕಿ ಹಚ್ಚಿದವನು ನೀನೇ, ಹೊಗೆಯೂ ನಿನ್ನದೇ ಎಂಬುದು ಅದರ ವಾದ. ಬ್ರಯಂಟ್ ಮತ್ತು ಲೆಫೆವರ್ ಮೊಕದ್ದಮೆಯೆಂದು ಅದು ಪ್ರಸಿದ್ಧ. 1960ರಲ್ಲಿ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಇದನ್ನು ಮತ್ತೆ ಎತ್ತಿಕೊಂಡು, ಬೆಂಕಿ ಇಲ್ಲದಿದ್ದರೂ ತೊಂದರೆಯಿಲ್ಲ, ಗೋಡೆ ಇಲ್ಲದಿದ್ದರೂ ತೊಂದರೆಯಿಲ್ಲ, ಆದ್ದರಿಂದ ಇಬ್ಬರೂ ಕಾರಣರು; ಯಾರ ತಪ್ಪು ಎಂದು ಹುಡುಕುವ ಬದಲು ಯಾರು ಏನು ಮಾಡಿದರೆ ನಷ್ಟ ಕಡಿಮೆ ಎಂದು ಕೇಳಬೇಕು ಎಂದ. 1991ರ ನೊಬೆಲ್ ಪುರಸ್ಕಾರದ ಹಿಂದಿನ ಮುಖ್ಯ ಬರಹಗಳಲ್ಲಿ ಅದೂ ಒಂದು. ಕಾಕಿಯ ಮಾತು ಕೋಸನ ಅರ್ಧ ವಾದ. ಉಳಿದರ್ಧ, ಕೂತು ಮಾತಾಡಿ ಮುಗಿಸುವುದು, ನಮ್ಮಲ್ಲಿ ಆಗುತ್ತಿಲ್ಲ.

ಬದಲಿಗೆ ಆಗುತ್ತಿರುವುದು ಅರ್ಜಿ. ಸಾರ್ವಜನಿಕ ಉಪದ್ರವ ನಿಲ್ಲಿಸಲು ಆದೇಶಿಸುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗಿದೆ. ಹಳೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು, 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152. ಊರಿನ ನಡುವೆ ಇಟ್ಟಂಗಿ ಭಟ್ಟಿ ಹಾಕಿದವನ ಮೇಲೆ ಅದು ನಡೆಯುತ್ತದೆ. ಒಂದು ಮನೆಯ ರೊಟ್ಟಿ ಒಲೆಯನ್ನು ಸಾರ್ವಜನಿಕ ಉಪದ್ರವವೆಂದು ಸಾಬೀತು ಮಾಡುವುದು ಕಷ್ಟ, ಮಾಡಿ ಗೆದ್ದವನು ಆ ಓಣಿಯಲ್ಲಿ ಬಾಳುವುದು ಇನ್ನೂ ಕಷ್ಟ. ನಾಳೆ ಮಗಳ ಮದುವೆಗೆ ಗಡಿಗೆ ತುಂಬ ನೀರು ಬೇಕಾದರೆ ಇದೇ ಕಾಕಿಯ ಬೋರು ಚಾಲೂ ಆಗಬೇಕು.

ಕಲಬುರಗಿಯ ಹಳೆ ಫ್ಲ್ಯಾಟಿನಲ್ಲಿ ಹೊಗೆ ಬೇರೆ ವೇಷದಲ್ಲಿ ಬರುತ್ತದೆ. ಬಚ್ಚಲಿನ ಡಕ್ಟಿನಿಂದ ಕೆಳಮನೆಯವರ ಸಿಗರೇಟು, ಪಕ್ಕದ ಬಾಲ್ಕನಿಯಿಂದ ಬೀಡಿ. 2003ರ ತಂಬಾಕು ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಸೇದುವಂತಿಲ್ಲ. ಸ್ವಂತ ಮನೆಯೊಳಗೆ ಸೇದುವವನನ್ನು ಅದು ಮುಟ್ಟುವುದಿಲ್ಲ. ಇಲ್ಲಿ ಕೈಲಾಗುವುದು ಇಷ್ಟೇ: ಡಕ್ಟಿನ ಕಡೆಯ ಸಂದಿಗಳನ್ನು ಮುಚ್ಚಿಸುವುದು, ಫ್ಯಾನು ನಿಂತಾಗ ತಾನೇ ಮುಚ್ಚಿಕೊಳ್ಳುವ ರೆಕ್ಕೆಯಿರುವ ಎಕ್ಸಾಸ್ಟ್ ಹಾಕಿಸುವುದು. ಹಿಂದಿನ ಮಾಲೀಕನೇ ಸೇದುವವನಾಗಿದ್ದರೆ ಅಥವಾ ಕೋಣೆಯಲ್ಲಿ ಒಲೆ ಉರಿದಿದ್ದರೆ, ನೇರವಾಗಿ ಡಿಸ್ಟೆಂಪರ್ ಬಳಿಯುವುದು ದುಡ್ಡಿನ ದಂಡ. ಮಸಿಯ ಹಳದಿ ಕಲೆ ಹೊಸ ಬಣ್ಣವನ್ನು ದಾಟಿ ಹೊರಬರುತ್ತದೆ. ಗೋಡೆಯನ್ನು ಸೋಡಾ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕಲೆ ತಡೆಯುವ ಎಣ್ಣೆ ಪ್ರೈಮರ್ ಹೊಡೆದ ಮೇಲೆಯೇ ಬಣ್ಣ. ಮಣ್ಣಿನ ಗೋಡೆಗೆ ಈ ಎಣ್ಣೆಯೂ ಬೇಡ. ಕೆರೆದು ಸುಣ್ಣ ಹೊಡೆಸಿ.

ಮನೆ ನೋಡುವ ಹೊತ್ತೂ ತಪ್ಪು. ದಲಾಲಿ ಕರೆದೊಯ್ಯುವುದು ಭಾನುವಾರ ಮಧ್ಯಾಹ್ನ, ಎಲ್ಲ ಒಲೆ ಆರಿದ ಮೇಲೆ. ನೋಡಬೇಕಾದದ್ದು ಬೆಳಿಗ್ಗೆ ಐದೂವರೆಗೆ, ಸಂಜೆ ದೀಪ ಹಚ್ಚುವ ಹೊತ್ತಿಗೆ. ಚಳಿಗಾಲದ ಮುಂಜಾನೆ ಹೊಗೆ ಮೇಲೇಳದೆ ಓಣಿಯಲ್ಲೇ ಕೂತಿರುತ್ತದೆ, ಆಗ ನೋಡಿದರೆ ಸತ್ಯ ಗೊತ್ತಾಗುತ್ತದೆ. ಅದಕ್ಕೂ ಮಿಗಿಲಾದ ಪರೀಕ್ಷೆ ಬೇಕೆಂದರೆ ಎಳ್ಳ ಅಮಾಸಿಯ ಹಿಂದಿನ ಎರಡು ದಿನ. ಸಜ್ಜಿ ರೊಟ್ಟಿ, ಕಡುಬು, ಭಜ್ಜಿಗೆಂದು ಹಗಲೂ ರಾತ್ರಿ ಒಲೆ ಉರಿಯುವಾಗ ಆ ಮನೆಯ ಮಹಡಿಯ ಕೋಣೆಯಲ್ಲಿ ಅರ್ಧ ತಾಸು ಕೂತು ಬರುವ ಧೈರ್ಯವಿದ್ದವನು ಇಸಾರ ಕೊಡಲಿ. ಕಬ್ಬಿನ ಹೊಲಗಳ ಅಂಚಿನ ಬಡಾವಣೆಯಾದರೆ ರವದಿ ಸುಡುವ ತಿಂಗಳನ್ನೂ ಕೇಳಿ ತಿಳಿಯಬೇಕು.

ನನ್ನ ತೀರ್ಪು ಕೊಂಡವರಿಗೆ ರುಚಿಸಲಿಕ್ಕಿಲ್ಲ. ಪಕ್ಕದ ಮನೆಯ ಕೊಳವೆಯನ್ನು ನಿಮ್ಮ ಮಹಡಿಯ ತಲೆಯ ಮೇಲಕ್ಕೆ ಏರಿಸುವ ಖರ್ಚು ನೀವೇ ಕೊಡಬೇಕು. ಮಹಡಿ ಏರಿಸಿದವರು ನೀವು, ದುಡ್ಡಿದ್ದವರೂ ನೀವು. ಕಾಕಿಗೆ ಆ ಕೊಳವೆಯಿಂದ ಲಾಭವೇನೂ ಇಲ್ಲ, ಅವಳ ಹೊಗೆ ಹೇಗೂ ಹೋಗುತ್ತಿತ್ತು. ಪಡಸಾಲೆಯ ಪಿಒಪಿಗೆ ಸುರಿಯುವುದರ ಒಂದು ಪಾಲು ಸಾಕು. ಪಿವಿಸಿ ಪೈಪು ಬೇಡ, ಬಿಸಿಗೆ ಬಾಗುತ್ತದೆ. ತಗಡಿನದು ಇರಲಿ, ತಿರುವು ಕಡಿಮೆ ಇರಲಿ, ಬಾಯಿ ನಿಮ್ಮ ಖಿಡಕಿಗಿಂತ ಎತ್ತರದಲ್ಲಿರಲಿ, ಮೇಲೆ ಮಳೆಗೊಂದು ಟೊಪ್ಪಿಗೆ ಇರಲಿ. ಜೊತೆಗೆ ತೊಗರಿ ಕಟ್ಟಿಗೆ ನೆನೆಯದಂತೆ ಎರಡು ತಗಡು ಹಾಕಿಸಿಕೊಟ್ಟರೆ ಅರ್ಧ ಹೊಗೆ ಹುಟ್ಟುವುದೇ ಇಲ್ಲ. ಈ ಮಾತು ಇಸಾರಕ್ಕೆ ಮೊದಲೇ ಆಗಲಿ, ಕಾಕಿಯ ಅಂಗಳದಲ್ಲೇ ಆಗಲಿ. ಮತ್ತು ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಆ ಕೊಳವೆಯ ಮಸಿ ತೆಗೆಸುವವರು ಯಾರು ಎಂಬುದೂ ಅವತ್ತೇ ತೀರ್ಮಾನವಾಗಲಿ. ಮಸಿ ಕಟ್ಟಿದ ಕೊಳವೆ ಎಷ್ಟು ಎತ್ತರವಿದ್ದರೂ ಹೊಗೆ ಎಳೆಯುವುದಿಲ್ಲ.