ವಂಕಿ ಮತ್ತು ತೆಗೆಸುವವರ ಕತೆ

ಯಮನೂರಿನ ನಮ್ಮ ಮನೆಯಲ್ಲಿ ಕಾಪರ್-ಟಿಗೆ ‘ವಂಕಿ’ ಅನ್ನುತ್ತಾರೆ. ಆರೋಗ್ಯ ಇಲಾಖೆಯೂ ಅದೇ ಪದ ಬಳಸುತ್ತದೆ. ವಂಕಿ ಎಂದರೆ ತೋಳಿನ ಆಭರಣ. ಆಭರಣ ಬೇಡವಾದಾಗ ನಾವೇ ತೆಗೆದಿಡುತ್ತೇವೆ. ಒಳಗಿನ ವಂಕಿ ಹಾಗಲ್ಲ. ‘ಹಾಕಿಸ್ಕೊ ಅನ್ನಾಕ ಮನೀತನಕ ಬಂದಿದ್ರು, ತಗಸಾಕ ನಾನ ನಾಕ ಸಲ ಅಡ್ಡಾಡಿದೆ’ ಎಂದು ಚಿಗವ್ವ ಒಮ್ಮೆ ಹೇಳಿದ್ದಳು. ಕಿರ್ಬಿ ಡಿಕ್ ನಿರ್ದೇಶಿಸಿದ ‘ದಿ ಬ್ಲೀಡಿಂಗ್ ಎಡ್ಜ್’ (2018) ಸಾಕ್ಷ್ಯಚಿತ್ರ ನೋಡುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಮಾತು.

ಚಿತ್ರ ಹಲವು ವೈದ್ಯಕೀಯ ಸಾಧನಗಳ ಬಗ್ಗೆ ಮಾತಾಡಿದರೂ ಅದರ ಜೀವ ಇರುವುದು ‘ಎಸ್ಶೂರ್’ ಕತೆಯಲ್ಲಿ. ಅಮೆರಿಕದ ಎಫ್‌ಡಿಎ 2002ರಲ್ಲಿ ಒಪ್ಪಿಗೆ ಕೊಟ್ಟ ಸಾಧನ ಇದು. ನಿಕಲ್ ಬೆರೆತ ಲೋಹದ ಸಣ್ಣ ಸ್ಪ್ರಿಂಗನ್ನು ಎರಡೂ ಅಂಡನಾಳಗಳಲ್ಲಿ ಕೂರಿಸಿದರೆ ಸುತ್ತ ಮಾಂಸ ಬೆಳೆದು ನಾಳ ಮುಚ್ಚುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಕೆಲವೇ ನಿಮಿಷದ ಕೆಲಸ. ಆದರೆ ಮಾಂಸ ಬೆಳೆದಮೇಲೆ ತೆಗೆಯಬೇಕೆಂದರೆ ಶಸ್ತ್ರಚಿಕಿತ್ಸೆಯೇ ಗತಿ. ಎಳೆಯುವಾಗ ಸ್ಪ್ರಿಂಗ್ ತುಂಡಾಗಿ ಒಳಗೇ ಉಳಿಯಬಹುದು. ನಾಳವನ್ನೋ ಕೆಲವೊಮ್ಮೆ ಗರ್ಭಕೋಶವನ್ನೋ ಕಳೆದುಕೊಳ್ಳಬೇಕಾಗಬಹುದು. ಚಿತ್ರ ನೆಟ್‌ಫ್ಲಿಕ್ಸ್‌ಗೆ ಬರುವ ಒಂದು ವಾರ ಮೊದಲು ಬೇಯರ್ ಕಂಪನಿ ಅಮೆರಿಕದಲ್ಲಿ ಮಾರಾಟ ನಿಲ್ಲಿಸುವುದಾಗಿ ಹೇಳಿತು. ಕೊಟ್ಟ ಕಾರಣ ವ್ಯಾಪಾರದ್ದು. 2020ರಲ್ಲಿ ತಪ್ಪೊಪ್ಪಿಕೊಳ್ಳದೆಯೇ ಸುಮಾರು 160 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು.

ಜಾಹೀರಾತಿಗೆ ‘ಹಾಕುವುದು’ ಮಾತ್ರ ಗೊತ್ತು. ‘ತೆಗೆಸುವುದ’ರ ಕತೆಯನ್ನು ಹೆಂಗಸರ ಬಾಯಿಂದಲೇ ಹೇಳಿಸಿದ್ದು ಈ ಚಿತ್ರದ ದೊಡ್ಡತನ. ನನ್ನ ತಕರಾರು ಬೇರೆ. ಚಿತ್ರ ಭಯವನ್ನು ಉಳಿಸುತ್ತದೆ, ವಿವೇಕವನ್ನು ಕಲಿಸುವುದಿಲ್ಲ. ಇದನ್ನು ನೋಡಿದ ನನ್ನ ಊರಿನ ಹೆಣ್ಣುಮಗಳು ಕಾಪರ್-ಟಿಗೂ ಹೆದರಬಹುದು. ಅದನ್ನು ಸಾಮಾನ್ಯವಾಗಿ ದಾರ ಹಿಡಿದು ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ. ದಾರ ಸಿಗದಿದ್ದಾಗ, ಅಪರೂಪಕ್ಕೆ ಗರ್ಭಕೋಶದ ಗೋಡೆ ತೂರಿ ಹೋದಾಗ ಮಾತ್ರ ಕೆಲಸ ಕಷ್ಟವಾಗುತ್ತದೆ. ಎಲ್ಲ ಸಾಧನವೂ ಒಂದೇ ಅಲ್ಲ ಎಂಬ ಸರಳ ಮಾತಿಗೆ ಚಿತ್ರದಲ್ಲಿ ಜಾಗ ಸಿಕ್ಕಿಲ್ಲ.

ಈಗ ನಮ್ಮ ಸರ್ಕಾರದ ಕುಟುಂಬ ಯೋಜನೆಗೂ ತೋಳಿನ ಚರ್ಮದಡಿ ಇಡುವ ಕಡ್ಡಿ ಬಂದಿದೆ. ಬೆಂಕಿಕಡ್ಡಿಯಷ್ಟು ಉದ್ದ, ಹೆಚ್ಚುಕಡಿಮೆ ವಂಕಿ ತೊಡುವ ಜಾಗವೇ. ಮೇಲುಮೇಲೆ ಇದ್ದರೆ ಸಣ್ಣ ಗಾಯ ಮಾಡಿ ತೆಗೆಯಬಹುದು. ಆಳಕ್ಕಿಳಿದರೆ ನರ, ರಕ್ತನಾಳಗಳ ಹತ್ತಿರ ಹುಡುಕಬೇಕು. ಕೈಗೆ ಸಿಗದಿದ್ದರೆ ಸ್ಕ್ಯಾನ್ ಮಾಡದೆ ಕೊಯ್ಯಬಾರದು. ಹಾಕುವ ಕೈಯಷ್ಟೇ ಪಳಗಿದ ತೆಗೆಯುವ ಕೈ ಬೇಕು.

1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರ ತೆರೆದ ಮೈಸೂರು ನಮ್ಮದು. ಧಾರವಾಡದಲ್ಲಿ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಹೆಂಗಸರ ದೇಹದ ಬಗ್ಗೆ ಹೆದರಿಸದೆ, ಮುಚ್ಚಿಡದೆ ಕನ್ನಡದಲ್ಲಿ ಬರೆದರು. ಡಿಕ್‌ನ ಚಿತ್ರದಲ್ಲಿ ನನಗೆ ಕಾಣದೆ ಹೋದದ್ದು ಆ ದನಿ. ಚಿಗವ್ವನಿಗೆ ಬೇಕಿದ್ದದ್ದೂ ಅದೇ: ಹಾಕುವ ದಿನವೇ ‘ಬ್ಯಾಡಾದ್ರ ಇಲ್ಲಿಗೇ ಬಾರವ್ವಾ, ತಗದ ಕೊಡ್ತೀವಿ’ ಅನ್ನುವ ಒಂದು ಮಾತು.